ಊರ ತೋಟವೂ ಊರ ಜನವೂ

(ಉದ್ಯಾನ ಸಂಘದ ಸ್ಥಾಪನೆಗಾಗಿ ಕೂಡಿದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ವಕೀಲನಾದವನಿಗೂ ಹೂದೋಟಕ್ಕೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ದಿನಗಳೆಲ್ಲ ಕಾಗದ, ಕೈಫಿಯತ್ತು, ಸಾಕ್ಷಿ, ತಕರಾರುಗಳಲ್ಲಿ ಕಳೆಯುವವು. ಗುಲಾಬಿಗೆ ಕಸಿ ಕಟ್ಟುವ ಕೈ ನಮ್ಮದಲ್ಲ. ಆದರೂ ಈ ಸಭೆಯ ಚಾಲಕರು ಕರೆದ ಕೂಡಲೆ ನಾವು ಒಪ್ಪಿಕೊಂಡೆವು. ಅದಕ್ಕೊಂದು ಕಾರಣವಿದೆ. ಈ ಊರ ತೋಟಕ್ಕೆ ನಾವು ಒಂದು ಋಣವನ್ನು ಸಲ್ಲಿಸಬೇಕಾಗಿದೆ. ಆ ಸಂಗತಿಯನ್ನು ಭಾಷಣದ ನಡುವೆ ತಮ್ಮ ಮುಂದೆ ಇಡುವೆವು.

ಇಂದು ನಾವೆಲ್ಲರೂ ಕೂಡಿರುವ ಉದ್ದೇಶವು ಸ್ಪಷ್ಟವಾಗಿದೆ. ಊರ ನಡುವಿನ ಉದ್ಯಾನದಲ್ಲಿ ಉಳಿದಿರುವ ನೆಲವನ್ನು ವಾಹನ ನಿಲ್ಲಿಸುವ ಕಟ್ಟೆಯನ್ನಾಗಿ ಮಾಡಬೇಕೆಂಬ ಮಾತು ಹೊರಟಿದೆ. ಅದನ್ನು ಉಳಿಸಿಕೊಳ್ಳಬೇಕೆಂದು ಕೆಲವು ತರುಣರೂ ತಾಯಂದಿರೂ ಒಂದು ಸಂಘವನ್ನು ಕಟ್ಟಲು ಮುಂದೆ ಬಂದಿರುವರು. ಇದಕ್ಕೆ ಎದುರಾಗಿ ಹೇಳಲಾಗುತ್ತಿರುವ ಮಾತನ್ನೂ ನಾವು ಕೇಳಿರುವೆವು: "ಕುಡಿಯುವ ನೀರಿಗೆ ಪರದಾಡುವ ಊರಿಗೆ ಹೂವಿನ ಗಿಡವೇಕೆ? ತೋಟವು ಉಳ್ಳವರ ಶೋಕಿ." ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕಬಾರದು. ಅದಕ್ಕೆ ಉತ್ತರ ಹೇಳಿಯೇ ಮುಂದೆ ಹೋಗತಕ್ಕದ್ದು.

ತೋಟವು ಹೊರಗಿನಿಂದ ಬಂದ ಶೋಕಿಯೆಂಬದು ನಮ್ಮ ನಾಡಿನ ಮಟ್ಟಿಗಂತೂ ನಿಜವಲ್ಲ. ಕನ್ನಡ ನಾಡಿನ ಶಿಲಾಶಾಸನಗಳನ್ನು ನೋಡಿರಿ. ದೇವಾಲಯಕ್ಕೆ ಗದ್ದೆ ಬೆದ್ದಲುಗಳನ್ನು ಬಿಟ್ಟಂತೆಯೇ ಹೂದೋಟವನ್ನೂ ಬಿಟ್ಟುಕೊಟ್ಟ ಉಲ್ಲೇಖಗಳು ಅಲ್ಲಲ್ಲಿ ದೊರೆಯುವವು. ಕೆರೆ ಕಟ್ಟಿಸುವದು, ಬಾವಿ ತೋಡಿಸುವದು, ಸಾಲುಮರ ನೆಡಿಸುವದು, ಇವೆಲ್ಲ ಒಂದೇ ಸಾಲಿನ ಪುಣ್ಯಕಾರ್ಯಗಳೆಂದು ನಮ್ಮ ಹಿರಿಯರು ಎಣಿಸಿದ್ದರು. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿಯು 'ಲೋಕೋಪಕಾರ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಮನೆ ಕಟ್ಟುವ ಬಗೆ, ಅಡಿಗೆ, ವೈದ್ಯ, ಇವುಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ಅವನು ಅದರಲ್ಲಿ ಹೇಳಿರುವನು. ಗಿಡ ನೆಡುವ, ಪೋಷಿಸುವ, ಅದರ ರೋಗ ಕಳೆಯುವ ವಿದ್ಯೆಯನ್ನು ಸಾವಿರ ವರ್ಷಗಳ ಹಿಂದೆಯೇ ಜನರ ನುಡಿಯಲ್ಲಿ ಬರೆದಿಟ್ಟ ನಾಡು ನಮ್ಮದು. ಆ ಗ್ರಂಥದ ಹೆಸರನ್ನು ಗಮನಿಸಿರಿ. ಅದು ರಾಜೋಪಕಾರವಲ್ಲ, ಲೋಕೋಪಕಾರ. ನೀರು ಹುಡುಕುವ ವಿದ್ಯೆಯೂ ಗಿಡ ಬೆಳೆಸುವ ವಿದ್ಯೆಯೂ ಒಂದೇ ಹೊತ್ತಿಗೆಯಲ್ಲಿ ಕೂಡಿರುವದು ಆಕಸ್ಮಿಕವಲ್ಲ. ಮರವಿಲ್ಲದ ಊರಿನಲ್ಲಿ ಸುರಿದ ಮಳೆಯು ಚರಂಡಿಯನ್ನು ಸೇರುವದು. ಮರವಿರುವ ನೆಲದಲ್ಲಿ ಅದು ಮಣ್ಣಿಗಿಳಿದು ಬಾವಿಯನ್ನು ಸೇರುವದು. ಹೀಗಿರಲು ನೀರಿಗಾಗಿ ಪರದಾಡುವ ಊರಿಗೇ ತೋಟವು ಹೆಚ್ಚು ಬೇಕಾದದ್ದು.

ಇನ್ನು ಸಂಘದ ವಿಷಯ. ನೆಲವಿದ್ದರೆ ಸಾಲದೇ, ಮಾಲಿಯಿದ್ದರೆ ಸಾಲದೇ, ಸಂಘವೇಕೆ? ಇದಕ್ಕೆ ಬೆಂಗಳೂರಿನ ಲಾಲ್‌ಬಾಗಿನ ಇತಿಹಾಸವೇ ಒಳ್ಳೆಯ ಉತ್ತರ. ಹೈದರ ಆಲಿಯು 1760ರಲ್ಲಿ ತೊಡಗಿಸಿದ, ಟೀಪುವು ಬೆಳೆಯಿಸಿದ ಆ ತೋಟವು 1799ರ ನಂತರ ಕೈಯಿಂದ ಕೈಗೆ ಹೋಯಿತು. 1836ರಲ್ಲಿ ಅದನ್ನು ಒಂದು ಕೃಷಿ ತೋಟಗಾರಿಕೆ ಸಂಘಕ್ಕೆ ವಹಿಸಿಕೊಡಲಾಯಿತು. ಆರು ವರ್ಷ ನಡೆದು 1842ರಲ್ಲಿ ಆ ಸಂಘವು ಮುಚ್ಚಿಹೋಯಿತು. ಮುಂದೆ 1856ರಲ್ಲಿ ಲಾಲ್‌ಬಾಗು ಸರಕಾರದ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮೆರಾನರ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ಫಲಪುಷ್ಪಗಳ ಪ್ರದರ್ಶನವೇ ಅದರ ಉದ್ದೇಶವಾಗಿತ್ತು. 1908ರಲ್ಲಿ ಬಂದ ಜರ್ಮನ್ ದೇಶದ ಕ್ರುಂಬಿಗಲ್ಲರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನ ಕಲಾ ಸಂಘವು ಹುಟ್ಟಿತು. ಮೊದಲಿನ ಸಂಘವು ಆರೇ ವರ್ಷ ಬಾಳಿತು. ಎರಡನೆಯದು ನೂರು ವರ್ಷಗಳನ್ನು ದಾಟಿ ಬಾಳಿದೆ. ತೋಟಗಾರಿಕೆಯ ಇಲಾಖೆಯ ಸಂಗಡ ಕೂಡಿ ಅದು ವರ್ಷಕ್ಕೆರಡು ಸಾರಿ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ, ಫಲಪುಷ್ಪ ಪ್ರದರ್ಶನವನ್ನು ನಡೆಯಿಸುತ್ತಿರುವದು. ಈ ಪ್ರದರ್ಶನಗಳ ಸಂಖ್ಯೆಯು ಇನ್ನೂರನ್ನು ಮೀರಿದೆ.

ಈ ಪ್ರದರ್ಶನವೆಂದರೆ ಬರಿಯ ಹೂವಿನ ಗುಡ್ಡೆಯೆಂದು ತಿಳಿಯಬಾರದು. ಅದಕ್ಕೆ ಮೊದಲು ನಗರದ ಮನೆತೋಟಗಳಿಗೂ ಸಂಸ್ಥೆಗಳ ತೋಟಗಳಿಗೂ ಸ್ಪರ್ಧೆ ನಡೆಯುವದು. ತೀರ್ಪುಗಾರರು ಮನೆಯ ಬಾಗಿಲಿಗೇ ಬಂದು ನೋಡುವರು. ಹೂವು ಜೋಡಿಸುವದು, ತರಕಾರಿಯಲ್ಲಿ ಕೆತ್ತುವದು, ಕುಬ್ಜ ಮರ ಬೆಳೆಸುವದು, ಇವಕ್ಕೂ ಬಹುಮಾನಗಳಿರುವವು. ಸರಕಾರದ ತೋಟದಲ್ಲಿ ನಾವು ಪ್ರೇಕ್ಷಕರು ಮಾತ್ರ. ಸಂಘವಿರುವಲ್ಲಿ ನಾವೇ ತೋಟಗಾರರು. ತನ್ನ ಮನೆಯ ಮುಂದಿನ ಎರಡು ಮೊಳ ನೆಲವನ್ನು ನೋಡಲು ನೆರೆಹೊರೆಯವರು ಬರುವರೆಂದು ತಿಳಿದವನು ಅಲ್ಲಿ ಕಸವನ್ನು ಸುರಿಯಲಾರನು. ಇದಕ್ಕೆ ದಂಡ ಬೇಕಾಗಿಲ್ಲ, ಪಹರೆ ಬೇಕಾಗಿಲ್ಲ. ಅಭಿಮಾನವೊಂದೇ ಸಾಕು.

ಕ್ರುಂಬಿಗಲ್ಲರು ಬೆಂಗಳೂರಿನ ಬೀದಿಗಳಿಗೆ ಹಾಕಿಕೊಟ್ಟ ಕ್ರಮವೊಂದನ್ನು ಇಲ್ಲಿ ನೆನೆಯತಕ್ಕದ್ದು. ಒಂದು ಜಾತಿಯ ಮರವು ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಬೀದಿಯಲ್ಲಿ ಮತ್ತೊಂದು ಜಾತಿಯು ಅರಳಬೇಕೆಂದು ಅವರು ಬೀದಿ ಬೀದಿಗೆ ಮರಗಳನ್ನು ಆರಿಸಿ ನೆಡಿಸಿದರು. ವರ್ಷದ ಹನ್ನೆರಡು ತಿಂಗಳೂ ಊರಿನ ಯಾವದಾದರೊಂದು ಬೀದಿ ಹೂವಿನಿಂದ ತುಂಬಿರಬೇಕೆಂಬದೇ ಅವರ ಯೋಚನೆ. ಮರ ನೆಟ್ಟವನು ಆ ಸಾಲನ್ನು ತುಂಬಿದ ಹೂವಿನಲ್ಲಿ ನೋಡಬೇಕಾದರೆ ಹತ್ತಿಪ್ಪತ್ತು ವರ್ಷ ಕಾಯಬೇಕು. ತನ್ನ ನಂತರದವರಿಗಾಗಿ ಯೋಚಿಸಿದವನಿಗೆ ಮಾತ್ರ ಇಂಥ ಕೆಲಸ ಸಾಧ್ಯ. ಅವರು 1932ರಲ್ಲಿ ನಿವೃತ್ತರಾದರು; 1956ರಲ್ಲಿ ಅದೇ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ತರುವಾಯ ಎಚ್. ಸಿ. ಜವರಾಯರೂ ಮುಂದೆ ಎಂ. ಎಚ್. ಮರಿಗೌಡರೂ ಆ ಕೆಲಸವನ್ನು ಬೆಳೆಯಿಸಿದರು. ಮರಿಗೌಡರಂತೂ ಸಸಿತೋಟಗಳನ್ನು ನಾಡಿನ ಮೂಲೆಮೂಲೆಗೂ ಮುಟ್ಟಿಸಿದರು. ರಾಜಧಾನಿಯ ವಿದ್ಯೆಯು ರೈತನ ಹೊಲದ ಬದುವಿಗೆ ಬಂದದ್ದು ಹೀಗೆ.

ಎರಡನೆಯದಾಗಿ ಶಿಕ್ಷಣದ ಮಾತು. ಊರ ತೋಟವೆಂಬದು ಗೋಡೆಯಿಲ್ಲದ ಶಾಲೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಎಲೆಯ ಭಾಗಗಳನ್ನು ಬಾಯಿಪಾಠ ಒಪ್ಪಿಸುವರು. ಹೊಂಗೆಯನ್ನೂ ಬಸರಿಯನ್ನೂ ತೋರಿಸಿ ಹೆಸರು ಕೇಳಿದರೆ ಸುಮ್ಮನಾಗುವರು. ಇದು ಮಕ್ಕಳ ತಪ್ಪಲ್ಲ. ಹೆಸರು ಹೇಳಿಕೊಡುವವರು ಇಲ್ಲದ ತಪ್ಪು. ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತನ್ನು ಬಿ. ಜಿ. ಎಲ್. ಸ್ವಾಮಿಯವರು 'ಹಸುರು ಹೊನ್ನು' ಬರೆದು ಸುಳ್ಳು ಮಾಡಿರುವರು. ವಿದ್ಯಾರ್ಥಿಗಳ ಸಂಗಡ ಕಾಡು ಸುತ್ತಿದ ಕಥೆಯಲ್ಲಿಯೇ ಶಾಸ್ತ್ರವನ್ನು ನಗೆಯೊಡನೆ ಬೆರೆಸಿ ಕೊಟ್ಟ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ನಮ್ಮ ಸಂಘವು ಮಾಡಬೇಕಾದ ಮೊದಲನೆಯ ವಿದ್ಯಾಕಾರ್ಯವೆಂದರೆ ಪ್ರತಿಯೊಂದು ಮರಕ್ಕೂ ಅದರ ಕನ್ನಡ ಹೆಸರಿನ ಫಲಕವನ್ನು ಹಚ್ಚುವದು. ಆ ಹೆಸರನ್ನು ಪುಸ್ತಕದಿಂದ ತರಬೇಡಿರಿ. ಈ ಊರ ಅಜ್ಜಿಯರನ್ನು ಕೇಳಿ ತನ್ನಿರಿ. ಯಾವ ತೊಗಟೆ ಯಾವ ಬೇನೆಗೆ, ಯಾವ ಹೂವು ಯಾವ ಹಬ್ಬಕ್ಕೆ ಎಂಬದನ್ನೂ ಅವರಿಂದಲೇ ಕೇಳಿ ಬರೆದಿಡಿರಿ. ಮುದುಕರು ಹೇಳುವರು, ಮಕ್ಕಳು ಬರೆಯುವರು. ಎರಡು ತಲೆಮಾರುಗಳು ಒಂದೇ ಮರದ ಕೆಳಗೆ ಕೂಡುವವು.

ತೋಟವು ಹೊರಗಿನದನ್ನು ತನ್ನದಾಗಿಸಿಕೊಳ್ಳುವ ಬಗೆಯನ್ನೂ ಕಲಿಸುವದು. ನಾವು ಸೀಮೆಬದನೆಯೆಂದು ಕರೆಯುವ ಕಾಯಿಯು ಮೆಕ್ಸಿಕೋ ಕಡೆಯ ಬಳ್ಳಿಯದು. ಅದನ್ನು ಲಾಲ್‌ಬಾಗಿಗೆ ತಂದು ಬೆಳೆಸಿದವರು ಕ್ಯಾಮೆರಾನರು. ನಮಗೆ ಅದು ಸೀಮೆಯಿಂದ ಬಂದ ಬದನೆ. ನೆರೆಯ ತಮಿಳರಿಗೂ ತೆಲುಗರಿಗೂ ಅದೇ ಕಾಯಿ ಬೆಂಗಳೂರು ಬದನೆ! ಚೆನ್ನಾಗಿ ಸಾಕಿದವನ ಊರಿನ ಹೆಸರು ಬೆಳೆಗೆ ಅಂಟಿಕೊಳ್ಳುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂರನೆಯದು, ನಾಡಿನ ಏಕತೆಯ ಮಾತು. ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವನ್ನು ಈಗಿನ ತರುಣರು ಪುಸ್ತಕದಲ್ಲಿ ಮಾತ್ರ ಓದಿರುವರು. 1956ರ ನವೆಂಬರ 1ರಂದು ಆ ಭಾಗಗಳು ಒಂದಾದವು. 1973ರಲ್ಲಿ ಆ ಒಂದಾದ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ಈ ಏಕೀಕರಣವನ್ನು ಒಂದು ತೋಟದಲ್ಲಿ ಕಣ್ಣಾರೆ ತೋರಿಸಬಹುದೆಂದು ನಮಗೆ ತೋರುವದು. ಹಳೆಯ ಮೈಸೂರಿನ ನಂಜನಗೂಡಿನಿಂದ ರಸಬಾಳೆಯ ಕಂದು ಬರಲಿ. ಮುಂಬಯಿಗೆ ಸೇರಿದ್ದ ಬ್ಯಾಡಗಿಯಿಂದ ಮೆಣಸಿನ ಬೀಜ ಬರಲಿ. ಮದರಾಸಿಗೆ ಸೇರಿದ್ದ ಉಡುಪಿಯ ಮಟ್ಟು ಗ್ರಾಮದಿಂದ, ವಾದಿರಾಜರು ಕೊಟ್ಟರೆಂದು ಜನರು ನಂಬಿರುವ, ಗುಳ್ಳ ಬದನೆ ಬರಲಿ. ಹೈದರಾಬಾದಿಗೆ ಸೇರಿದ್ದ ಕಲಬುರಗಿಯ ಕಮಲಾಪುರದಿಂದ ಕೆಂಪು ಬಾಳೆ ಬರಲಿ. ಕೊಡಗಿನಿಂದ ಕಿತ್ತಳೆ ಬರಲಿ. ಈ ಐದಕ್ಕೂ ಭೌಗೋಳಿಕ ಗುರುತಿನ ಮನ್ನಣೆಯು ದೊರೆತಿದೆ. ಎಲ್ಲವೂ ನಮ್ಮ ಮಣ್ಣಿನಲ್ಲಿ ತವರಿನಂತೆಯೇ ಫಲ ಕೊಡಲಾರವು, ಬಲ್ಲೆವು. ಆ ಸೋಲೂ ಒಂದು ಪಾಠವೇ. ಒಂದೊಂದು ಸೀಮೆಗೂ ತನ್ನದೇ ಆದ ಗುಣವಿರುವದು, ಅದನ್ನು ಅಳಿಸದೆಯೇ ಒಂದಾಗಿರಬೇಕು ಎಂಬದನ್ನು ಮಕ್ಕಳು ಆ ಐದು ಪಾತಿಗಳಿಂದ ಕಲಿಯುವರು. ಭಾಷಣಗಳಿಂದ ಇಷ್ಟು ಚೆನ್ನಾಗಿ ಕಲಿಯಲಾರರು.

ಈಗ ನಾವು ಮೊದಲು ಹೇಳಿದ ಋಣದ ವಿಷಯಕ್ಕೆ ಬರುವೆವು. ಹನ್ನೆರಡು ವರ್ಷಗಳ ಹಿಂದೆ ಇದೇ ಉದ್ಯಾನದ ಮೂಡಲ ಮೂಲೆಯು ಅಂಗಡಿಗಳ ಸಾಲಿಗೆ ಹೋಯಿತು. ತಮಗೆಲ್ಲ ನೆನಪಿರಬಹುದು. ಅಲ್ಲಿ ಎರಡು ಬೇವಿನ ಮರಗಳಿದ್ದವು. ಸಂತೆಗೆ ಬಂದವರು ಅವುಗಳ ನೆಳಲಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಆ ನೆಲವನ್ನು ಪಡೆದವರ ವಕಾಲತ್ತನ್ನು ವಹಿಸಿದ್ದವರು ನಾವೇ. ಎದುರು ನಿಂತಿದ್ದವರು ಇಬ್ಬರು ಮುದುಕರು. "ಇದು ಉದ್ಯಾನದ ನೆಲ, ನಾವು ಹುಟ್ಟಿದಂದಿನಿಂದ ನೋಡಿರುವೆವು" ಎಂದು ಅವರು ಹೇಳಿದರು. "ನಕ್ಷೆ ಎಲ್ಲಿದೆ? ಠರಾವು ಎಲ್ಲಿದೆ? ಯಾವ ಯಾದಿಯಲ್ಲಿ ಸೇರಿದೆ?" ಎಂದು ನಾವು ಕೇಳಿದೆವು. ಅವರಲ್ಲಿ ಒಂದು ಚೀಟಿಯೂ ಇರಲಿಲ್ಲ. ನಾವು ಗೆದ್ದೆವು. ಆ ಸಂಜೆ ಮನೆಗೆ ಬಂದಾಗ ನಮ್ಮ ತಾಯಿಯವರು, "ಮರ ಬಿದ್ದವಂತೆ" ಎಂದಷ್ಟೇ ಹೇಳಿ ಒಳಗೆ ಹೋದರು. ನಾವು ಕಾಯಿದೆಗೆ ತಪ್ಪಿ ನಡೆಯಲಿಲ್ಲ. ಕಕ್ಷಿದಾರನಿಗೆ ದ್ರೋಹ ಮಾಡಲಿಲ್ಲ. ಆದರೂ ಆ ಮೂಲೆಯ ಬಿಸಿಲಿನಲ್ಲಿ ನಡೆದಾಗಲೆಲ್ಲ ನಾವು ಗೆದ್ದದ್ದು ಏನನ್ನು ಎಂದು ನಮ್ಮನ್ನೇ ಕೇಳಿಕೊಂಡಿರುವೆವು.

ಇದನ್ನು ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ಇದರಲ್ಲಿ ಸಂಘಕ್ಕೆ ಬೇಕಾದ ಪಾಠವಿದೆಯೆಂದು ಹೇಳುವೆವು. ಆ ಇಬ್ಬರು ಮುದುಕರ ಬೆನ್ನಿಗೆ ಒಂದು ಸಂಘವಿದ್ದಿದ್ದರೆ, ಆ ಸಂಘದ ಪೆಟ್ಟಿಗೆಯಲ್ಲಿ ಒಂದು ನಕ್ಷೆಯೂ ಒಂದು ನಡಾವಳಿ ಪುಸ್ತಕವೂ ಇದ್ದಿದ್ದರೆ, ನಾವು ಸೋಲುತ್ತಿದ್ದೆವು. ಕಾಯಿದೆಯು ದುರ್ಬಲವಾಗಿಲ್ಲ. 1985ರ ಕರ್ನಾಟಕದ ಉದ್ಯಾನ, ಆಟದ ಬಯಲು ಮತ್ತು ಬಯಲು ಜಾಗಗಳ ರಕ್ಷಣೆಯ ಕಾಯಿದೆಯು ಪಟ್ಟಣದ ಉದ್ಯಾನಗಳ ಯಾದಿಯನ್ನು ನಕ್ಷೆಯ ಸಮೇತ ತಯಾರಿಸುವ ಕರ್ತವ್ಯವನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. 1976ರ ವೃಕ್ಷ ಸಂರಕ್ಷಣೆಯ ಕಾಯಿದೆಯು ಅಧಿಕಾರಿಯ ಅಪ್ಪಣೆಯಿಲ್ಲದೆ ಮರ ಕಡಿಯುವದನ್ನು ತಡೆದಿದೆ. 1991ರಲ್ಲಿ ಸುಪ್ರೀಮ್ ಕೋರ್ಟು ಬೆಂಗಳೂರಿನದೇ ಒಂದು ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇನ್ನೂ ದೊಡ್ಡದು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಡಲಾಗಿತ್ತು. ಅಲ್ಲಿಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಒಬ್ಬ ನ್ಯಾಯಮೂರ್ತಿಗಳ ಮುಂದೆ ಸೋತರು. ಮೇಲಿನ ಪೀಠದಲ್ಲಿ ಗೆದ್ದರು. ಸುಪ್ರೀಮ್ ಕೋರ್ಟೂ ಆ ಗೆಲವನ್ನು ಎತ್ತಿಹಿಡಿಯಿತು. ಉದ್ಯಾನದ ನೆಲವನ್ನು ಹಾಗೆ ಕೊಟ್ಟುಬಿಡಲು ಬರುವದಿಲ್ಲವೆಂದೂ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿಯ ನಿವಾಸಿಗಳಿಗೆ ಇದೆಯೆಂದೂ ಅಲ್ಲಿಂದ ಸ್ಥಿರವಾಯಿತು. ಶುಶ್ರೂಷಾಲಯವೂ ಒಳ್ಳೆಯ ಕೆಲಸವೇ ಅಲ್ಲವೇ ಎಂದು ತಾವು ಕೇಳಬಹುದು. ಒಳ್ಳೆಯ ಕೆಲಸವೇ ಸರಿ. ಆದರೆ ಎಲ್ಲರ ಸೊತ್ತನ್ನು ಕೆಲವರ ಕೈಗೆ ಒಪ್ಪಿಸಿ ಮಾಡತಕ್ಕ ಒಳ್ಳೆಯ ಕೆಲಸವಲ್ಲ.

ಕಾಯಿದೆಯು ಮಲಗಿರುವ ಕಾವಲುಗಾರನಂತೆ. ಅವನನ್ನು ಎಬ್ಬಿಸುವ ಕೈ ಬೇಕು. ಆ ಕೈಯೇ ಸಂಘ. ಆದ ಕಾರಣ ತಮ್ಮ ಸಂಘದ ಮೊದಲನೆಯ ಆಯುಧವು ಸನಿಕೆಯಾದರೆ ಎರಡನೆಯದು ದಫ್ತರವಾಗಲಿ. ಉಳಿದಿರುವ ನೆಲವನ್ನು ಅಳೆಯಿಸಿರಿ. ಮರಗಳನ್ನು ಎಣಿಸಿರಿ. ಯಾದಿಯಲ್ಲಿ ಈ ಉದ್ಯಾನವು ಸೇರಿದೆಯೇ ಎಂದು ಮಾಹಿತಿ ಹಕ್ಕಿನ ಅರ್ಜಿಯನ್ನು ಹಾಕಿ ಕೇಳಿರಿ. ಸೇರಿರದಿದ್ದರೆ ಸೇರಿಸಲು ಒತ್ತಾಯಪಡಿಸಿರಿ. ಮುಂದೆ ಮೊಕದ್ದಮೆಯೇ ನಡೆಯಬೇಕಾದರೆ ತಮ್ಮ ವಕಾಲತ್ತನ್ನು ನಾವು ಒಂದು ಕಾಸನ್ನೂ ಮುಟ್ಟದೆ ವಹಿಸುವೆವೆಂದು ಈ ಸಭೆಯ ಮುಂದೆ ಮಾತು ಕೊಡುವೆವು. ಋಣದ ಬಡ್ಡಿಯಾದರೂ ಅಷ್ಟರಿಂದ ತೀರಲಿ.

ಆದರೆ ಬರಿಯ ಕಾಗದದಿಂದ ತೋಟವು ಬದುಕಲಾರದು. ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕನವರನ್ನು ನೆನೆಯಿರಿ. ಮಕ್ಕಳಿಲ್ಲದ ಆ ತಾಯಿಯು ಗಂಡನಾದ ಚಿಕ್ಕಯ್ಯನವರ ಸಂಗಡ ಹುಲಿಕಲ್ಲಿಗೂ ಕುದೂರಿಗೂ ನಡುವಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಕಾಪಾಡಿದರು. 385 ಆಲದ ಮರಗಳ ಆ ಸಾಲು ಅವರಿಗೆ ಸಾಲುಮರದ ತಿಮ್ಮಕ್ಕನೆಂಬ ಹೆಸರನ್ನು ತಂದಿತು. 2019ರಲ್ಲಿ ಪದ್ಮಶ್ರೀಯೂ ಬಂದಿತು. ಕೂಲಿ ಮಾಡಿ ಬಾಳಿದ, ಅಕ್ಷರ ಕಲಿಯದ ದಂಪತಿಗಳು ಮಾಡಿದ ಕೆಲಸವಿದು. ತೋಟವು ಉಳ್ಳವರ ಶೋಕಿಯೆನ್ನುವವರು ಆ ದಾರಿಯಲ್ಲಿ ಒಮ್ಮೆ ನಡೆದು ಬರಲಿ. ಸಸಿ ನೆಡುವ ದಿನ ಎಲ್ಲರೂ ಬರುವರು, ಚಿತ್ರ ತೆಗೆಯಿಸಿಕೊಳ್ಳುವರು. ನೆಟ್ಟ ಎರಡನೆಯ ಬೇಸಿಗೆಯಲ್ಲಿ, ಚೈತ್ರದ ಬಿಸಿಲಿನಲ್ಲಿ, ಕೊಡ ಹಿಡಿದು ಬರುವವನೇ ನಿಜವಾದ ಸದಸ್ಯನು.

ಸ್ವಯಂಸೇವೆಯೆಂಬದು ನಮ್ಮ ನಾಡಿಗೆ ಹೊಸದಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿದಾಗ ಡಾಕ್ಟರ ನಾ. ಸು. ಹರ್ಡೀಕರರು ಕಟ್ಟಿದ ದಳದ ಸ್ವಯಂಸೇವಕರು ಅಲ್ಲಿ ದುಡಿದರು. ನೀರಿಗಾಗಿ ಅಂದು ತೋಡಿದ ಬಾವಿಯು ಅಧಿವೇಶನದ ಗುರುತಾಗಿ ಉಳಿಯಿತು. ಸಭೆಯು ಮುಗಿದ ಮೇಲೂ ಉಳಿಯುವಂಥ ಒಂದು ಕೆಲಸವನ್ನು ಮಾಡಿ ಹೋಗುವದೇ ಸೇವೆಯ ಲಕ್ಷಣ.

ಕೊನೆಗೆ ಕೆಲವು ಸೂಚನೆಗಳು. ಸಂಘದ ವರ್ಗಣಿಯು ಕೂಲಿಯವನಿಗೂ ಕೊಡಲು ಬರುವಷ್ಟು ಕಡಿಮೆಯಿರಲಿ. ಕೊಡಲಾರದವನು ವಾರಕ್ಕೆರಡು ತಾಸಿನ ದುಡಿಮೆಯನ್ನು ಕೊಡಲಿ. ತೋಟದ ಮಾಲಿಯು ಸಂಘದ ಆಳಾಗಿರದೆ ಕಾರ್ಯಕಾರಿ ಮಂಡಳಿಯಲ್ಲಿ ಕೂಡ್ರುವವನಾಗಿರಲಿ. ಅವನಷ್ಟು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಉದುರಿದ ಎಲೆಗೆ ಬೆಂಕಿ ಇಡಬೇಡಿರಿ. ಕುಣಿಯಲ್ಲಿ ಹಾಕಿ ಗೊಬ್ಬರ ಮಾಡಿರಿ. ನೀರನ್ನು ಬಹಳ ಬೇಡುವ ಹುಲ್ಲಿನ ಹಾಸನ್ನು ಬಿಟ್ಟು ಬೇವು, ಹೊಂಗೆ, ನೇರಳೆ, ಬನ್ನಿಗಳಂಥ ಈ ಸೀಮೆಯ ಮರಗಳನ್ನು ಮೊದಲು ನೆಡಿರಿ. ಒಂದೊಂದು ಶಾಲೆಗೂ ಒಂದೊಂದು ಪಾತಿಯನ್ನು ಒಪ್ಪಿಸಿರಿ. ವರ್ಷಕ್ಕೊಮ್ಮೆ ದೀಪಾವಳಿಯ ಮುಂದೆ ಸಣ್ಣದೊಂದು ಪ್ರದರ್ಶನವನ್ನು ಮಾಡಿರಿ. ಅಲ್ಲಿ ದೊಡ್ಡ ಬಂಗಲೆಯ ಗುಲಾಬಿಗೂ ಗುಡಿಸಲ ಮುಂದಿನ ಡಬ್ಬಿಯಲ್ಲಿ ಬೆಳೆದ ತುಳಸಿಗೂ ಒಂದೇ ಮೇಜು ಇರಲಿ.

ಮಹನೀಯರೇ, ಈ ಸಭೆಯು ಮುಗಿದ ಮೇಲೆ ತಾವು ಹೆಸರು ಬರೆಯಿಸಲು ಆ ಮೇಜಿನ ಹತ್ತಿರ ಹೋಗುವಿರಿ. ಹೋಗುವ ಮುಂಚೆ ಮೂಡಲ ದಿಕ್ಕಿಗೊಮ್ಮೆ ನೋಡಿರಿ. ಅಲ್ಲಿ ಎರಡು ಬೇವಿನ ಮರಗಳು ಇದ್ದವು. ಪಡುವಲ ದಿಕ್ಕಿಗೂ ಒಮ್ಮೆ ನೋಡಿರಿ. ಅಲ್ಲಿ ಇನ್ನೂ ಹನ್ನೊಂದು ಮರಗಳಿವೆ. ಈ ಎಣಿಕೆಯನ್ನು ನಾವು ಇಂದು ಮುಂಜಾನೆ ಸ್ವತಃ ಮಾಡಿ ಬರೆದು ತಂದಿರುವೆವು. ಸಂಘದ ದಫ್ತರದ ಮೊದಲನೆಯ ಕಾಗದವೆಂದು ಇದನ್ನು ಅಧ್ಯಕ್ಷರು ಸ್ವೀಕರಿಸಬೇಕೆಂದು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುವೆವು.